ಕಾರಿನ ಹೆಸರು ಹೇಳಬೇಡಿ, ಪಾರ್ಟ್ ತೋರಿಸಿ

ಹಳೇ ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಊರೆಲ್ಲ ಹೇಳುವ ಬುದ್ಧಿಮಾತು ಒಂದೇ: "ಅದಕ್ಕಿನ್ನು ಸ್ಪೇರ್ ಎಲ್ಲಿ ಸಿಗ್ತದೆ ಮಾರಾಯ್ರೆ, ಗುಜರಿಗೆ ಕೊಟ್ಟುಬಿಡಿ." ಮೇಲ್ನೋಟಕ್ಕೆ ಮಾತು ಸರಿಯೇ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಈಗ ಷೋರೂಮ್ ಇಲ್ಲ, ಕಂಪನಿ ಸರ್ವಿಸ್ ಇಲ್ಲ. ಆದರೆ ಒಂದು ವಿಷಯ ಎಲ್ಲರೂ ಮರೀತಾರೆ. ಕಾರ್ ಕಂಪನಿ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಜೋಡಣೆ. ಒಳಗಿರುವ ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ನಾಝಲ್, ಪಿಸ್ಟನ್ ರಿಂಗ್, ಬ್ರೇಕ್ ರಬ್ಬರ್ ಇವನ್ನೆಲ್ಲ ಮಾಡಿದವರು ಬೇರೆಯವರು. ಜೋಡಿಸಿದವರು ಬಾಗಿಲು ಹಾಕಿದರೆ ಅವರೂ ಹಾಕಬೇಕು ಅಂತೇನಿಲ್ಲ.

ನಾವು ನಾಲ್ಕು ಜನ ಮೆಕ್ಯಾನಿಕಲ್‌ನವರು ಈ ಸೆಮಿಸ್ಟರ್ ರಜೆಯನ್ನು ಸಕಲೇಶಪುರದ ಕಡೆ ಒಂದು ತೋಟದ ಮನೆಯಲ್ಲಿ ಕಳೆದೆವು. ನಮ್ಮಲ್ಲೊಬ್ಬನ ಅಜ್ಜನ 1991ರ ಡೀಸೆಲ್ ನೋವಾ ಅಲ್ಲಿದೆ. ಆರ್‌ಸಿ ನವೀಕರಣದ ವರ್ಷ. ತಪಾಸಣೆಗೆ ಕಾರು ತನ್ನ ಚಕ್ರದ ಮೇಲೆ ತಾನೇ ಹೋಗಿ ನಿಲ್ಲಬೇಕು. ಇದೋ, ಬೆಳಿಗ್ಗೆ ಸ್ಟಾರ್ಟೇ ಆಗ್ತಿರಲಿಲ್ಲ. ತೂಕದ ಲೆಕ್ಕದಲ್ಲಿ ಕೊಳ್ಳುವವರು ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು. ಅಲ್ಲಿ ಕಲಿತದ್ದನ್ನು, ಆಮೇಲೆ ಅಂಗಡಿ ಅಂಗಡಿ ಅಲೆದು ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ನಿಮ್ಮ ಮನೆಯಲ್ಲಿರೋದು ಅಂಬಾಸಿಡರೇ ಆಗಬೇಕಿಲ್ಲ. ಎಸ್ಟೀಮ್ ಡೀಸೆಲ್ ಇರಲಿ, ಲೋಗನ್ ಇರಲಿ, ಲೀನಿಯಾ ಇರಲಿ, ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಎಂಜಿನ್ ಪರಿಚಯ. ಅದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಡೀಸೆಲ್, 1489 ಸಿಸಿ, ನಾಲ್ಕು ಸಿಲಿಂಡರ್. 1980ರ ಹೊತ್ತಿಗೆ ಅಂಬಾಸಿಡರ್‌ಗೆ ಬಂತು. ಶಕ್ತಿ 37 ಹಾರ್ಸ್‌ಪವರ್ ಆಸುಪಾಸು. ನಮ್ಮ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಿಂತಿರೋ ಕೆಟಿಎಂ 390ಗೆ ಇದಕ್ಕಿಂತ ಜಾಸ್ತಿ ಇದೆ. ಅದು ಒಬ್ಬಿಬ್ಬರನ್ನು ಹೊರುತ್ತೆ, ಇದು ಒಂದು ಟನ್ನಿಗಿಂತ ಭಾರದ ತಗಡಿನ ಜೊತೆ ಆರು ಜನ, ಎರಡು ಮೂಟೆ ಕಾಫಿ ಹೊತ್ತು ಘಾಟಿ ಹತ್ತಿದೆ. ನಿಧಾನವಾಗಿ, ಆದರೆ ಹತ್ತಿದೆ. ಎಂಜಿನ್‌ನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇಂಧನ ನೇರವಾಗಿ ಸಿಲಿಂಡರ್‌ಗೆ ಬೀಳದೆ ಹೆಡ್‌ನಲ್ಲಿರುವ ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಳ್ಳುತ್ತದೆ. ಐಸಿ ಎಂಜಿನ್ ಪೇಪರ್‌ನಲ್ಲಿ ಐಡಿಐ ಅಂತ ಎರಡು ಮಾರ್ಕಿಗೆ ಬರೀತೀವಲ್ಲ, ಅದೇ.

ಸ್ಪೇರ್ ಹುಡುಕೋದಕ್ಕೆ ಮೊದಲು ಯಾವ ಸ್ಪೇರ್ ಬೇಕು ಅಂತ ಗೊತ್ತಾಗಬೇಕು. ಹಳೇ ಕಾರಿನ ದುಡ್ಡೆಲ್ಲ ಹೋಗೋದು ಇಲ್ಲಿಯೇ. ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ ಪಂಪ್ ಬಿಚ್ಚಿ, ನಾಝಲ್ ಬದಲಿಸಿ, ಕೊನೆಗೆ ಎಂಜಿನ್ನೇ ಇಳಿಸುವವರಿದ್ದಾರೆ. ಡೀಸೆಲ್ ಎಂಜಿನ್ ಕೇಳೋದು ಮೂರೇ: ಬಿಸಿಯಾಗುವಷ್ಟು ಒತ್ತಿದ ಗಾಳಿ, ಸರಿಯಾದ ಹೊತ್ತಿಗೆ ಸಿಂಪಡಿಸಿದ ಇಂಧನ, ಇವೆರಡೂ ಆಗುವಷ್ಟು ಜೋರಾಗಿ ತಿರುಗಿಸುವ ಸ್ಟಾರ್ಟರ್.

ಬೆಳಗಿನ ಚಳಿಯಲ್ಲಿ ಮಾತ್ರ ಯಾಕೆ ತೊಂದರೆ ಅನ್ನೋದಕ್ಕೆ ಥರ್ಮೋಡೈನಾಮಿಕ್ಸ್‌ನ ಒಂದೇ ಸೂತ್ರ ಸಾಕು. ಕಂಪ್ರೆಷನ್ ರೇಷಿಯೋ 22 ಅಂತ ಇಟ್ಟುಕೊಳ್ಳಿ, ಹೊರಗೆ 12 ಡಿಗ್ರಿ. ಎನ್ ಜಾಗದಲ್ಲಿ ಆದರ್ಶದ 1.4 ಹಾಕಿದರೆ ಒತ್ತಿದ ಗಾಳಿಯ ತಾಪ 700 ಡಿಗ್ರಿ ದಾಟುತ್ತದೆ. ಆದರೆ ತಣ್ಣಗಿನ ಗೋಡೆ ಶಾಖ ಕುಡಿಯುತ್ತೆ, ಸವೆದ ರಿಂಗ್ ಪಕ್ಕದಿಂದ ಗಾಳಿ ನುಸುಳುತ್ತೆ. ಆ ನಷ್ಟವನ್ನೆಲ್ಲ ಎನ್ ಒಳಗೇ ತುರುಕಿ ಒರಟು ಲೆಕ್ಕ ಹಾಕಿ: 1.25 ಆದರೆ ಸುಮಾರು 345 ಡಿಗ್ರಿ, 1.15ಕ್ಕೆ ಇಳಿದರೆ ಬರೀ 180. ಡೀಸೆಲ್ ತಾನಾಗಿ ಹೊತ್ತಿಕೊಳ್ಳೋಕೆ 200ರ ಮೇಲಾದರೂ ಬೇಕು. ಅಂದರೆ ಅದೇ ಎಂಜಿನ್, ಅದೇ ಡೀಸೆಲ್. ಮಧ್ಯಾಹ್ನ ಹೊತ್ತಿಕೊಳ್ಳುವುದು ಬೆಳಿಗ್ಗೆ ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಆಚೆ ಬರುತ್ತೆ. ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್ ಆವಿ. ಕಪ್ಪು ಅಂದರೆ ಗಾಳಿ ಸಾಲದಷ್ಟು ಡೀಸೆಲ್, ನೀಲಿ ಅಂದರೆ ಎಂಜಿನ್ ಆಯಿಲ್ ಉರೀತಿದೆ.

ಐಡಿಐ ಕೋಣೆ ಹೆಚ್ಚು ಶಾಖ ಕುಡಿಯುತ್ತೆ ಅಂತಲೇ ಇಂಥ ಎಂಜಿನ್‌ಗೆ ಹೀಟರ್ ಪ್ಲಗ್ ಇಟ್ಟಿರೋದು. ನಾಲ್ಕರಲ್ಲಿ ಎರಡು ಸತ್ತಿದ್ದರೂ ಬೇಸಿಗೆಯಲ್ಲಿ ಗೊತ್ತೇ ಆಗಲ್ಲ. ವಯರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಒಳ್ಳೇ ಪ್ಲಗ್ ಒಂದೆರಡು ಓಮ್‌ನೊಳಗೆ ತೋರಿಸುತ್ತೆ, ಸತ್ತದ್ದು ಓಪನ್ ಸರ್ಕ್ಯೂಟ್. ಎರಡು ನಿಮಿಷದ ಕೆಲಸ. ಹಾಗೇ, ಬ್ಯಾಟರಿ ಹೊಸದಾಗಿದ್ದೂ ಸ್ಟಾರ್ಟರ್ ನರಳುತ್ತಿದ್ದರೆ, ಕ್ರ್ಯಾಂಕ್ ಮಾಡುವಾಗ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ವೋಲ್ಟೇಜ್ ನೋಡಿ. ಅರ್ಧ ವೋಲ್ಟ್ ಮೀರಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಂತಲೇ ಅರ್ಥ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಸ್ಟಾರ್ಟರ್ ಬೇರೆಯದೇ ದನಿಯಲ್ಲಿ ತಿರುಗುತ್ತೆ.

ನಮ್ಮ ನೋವಾದಲ್ಲಿ ಇವೆರಡನ್ನೂ ಸರಿಮಾಡಿದ ಮೇಲೂ ರಾತ್ರಿಯಿಡೀ ನಿಂತರೆ ಬೆಳಿಗ್ಗೆ ಕಷ್ಟ ಇತ್ತು. ಹಳೇ ಡೀಸೆಲ್‌ನ ಅತಿ ಸಾಮಾನ್ಯ ಕಾಯಿಲೆ ಇದು: ಏರ್ ಎಳೆಯೋದು. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಹಾಗಾಗಿ ಒದ್ದೆ ಕಲೆ ಹುಡುಕಿದರೆ ಏನೂ ಸಿಗಲ್ಲ. ರಾತ್ರಿ ಆ ಗಾಳಿ ಮೇಲೇರಿ ಡೀಸೆಲ್ ಟ್ಯಾಂಕಿಗೆ ಜಾರಿ ವಾಪಸ್. ಇದನ್ನು ಹಿಡಿಯೋಕೆ ಊರಿನ ಹಳೇ ಮೇಸ್ತ್ರಿ ಒಬ್ಬರು ತೋರಿಸಿದ ಉಪಾಯ ನಮಗೆ ತುಂಬ ಹಿಡಿಸಿತು. ಫಿಲ್ಟರಿನ ಮುಂದೆ ಒಂದಡಿ ಉದ್ದದ ಪಾರದರ್ಶಕ ಪೈಪ್ ಸಿಕ್ಕಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಆಮೇಲೆ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ದಾಟಿಸುತ್ತ ಆ ಪೈಪನ್ನು ಹಿಂದಕ್ಕೆ ಒಯ್ಯಬೇಕು. ಗುಳ್ಳೆ ಎಲ್ಲಿ ನಿಲ್ಲುತ್ತದೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ಕಳ್ಳ ಇದ್ದಾನೆ. "ಕಣ್ಣಿಗೆ ಕಾಣೋದು ಬಿಟ್ಟು ತಲೆ ಓಡಿಸ್ತೀರಲ್ರಪ್ಪ, ಇಂಜಿನಿಯರುಗಳೇ" ಅಂತ ಅವರು ನಕ್ಕರು. ಸಿಕ್ಕಿದ್ದು ಒಣಗಿ ಸೀಳು ಬಿಟ್ಟಿದ್ದ ಗೇಣುದ್ದದ ರಬ್ಬರ್ ಪೈಪ್. ಚಹಾದ ಖರ್ಚಿಗಿಂತ ಕಡಿಮೆಯಲ್ಲಿ ಮುಗೀತು. ಹೊಸ ಪೈಪ್ ಹಾಕಿ, ಕ್ಲಿಪ್ ಬಿಗಿದು, ಫೀಡ್ ಪಂಪಿನ ಕೈಸನ್ನೆ ಒತ್ತುತ್ತ ಮೊದಲು ಫಿಲ್ಟರಿನ, ಆಮೇಲೆ ಪಂಪಿನ, ಕೊನೆಗೆ ಸ್ಟಾರ್ಟರ್ ತಿರುಗಿಸುತ್ತ ಇಂಜೆಕ್ಟರ್ ನಟ್‌ಗಳ ಬಳಿ ಏರ್ ಬಿಟ್ಟರೆ ಆಯ್ತು.

ಇಲ್ಲೊಂದು ಎಚ್ಚರಿಕೆ, ತಮಾಷೆ ಇಲ್ಲದೆ. ಇಂಜೆಕ್ಟರಿನ ಸಿಂಪರಣೆಗೆ ಬೆರಳು ಒಡ್ಡಬೇಡಿ. ಇಂಥ ಹಳೇ ಎಂಜಿನ್‌ನಲ್ಲೂ ನಾಝಲ್ ತೆರೆಯೋದು 100 ಬಾರ್ ಮೇಲೆಯೇ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಬರೀ ಒಂದು ಚುಕ್ಕೆ ಕಾಣುತ್ತೆ. ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು, ಬೆರಳೇ ಕಳೆದುಕೊಂಡವರಿದ್ದಾರೆ.

ಕಂಪ್ರೆಷನ್ ಟೆಸ್ಟ್ ಬಗ್ಗೆ ಎರಡೇ ಮಾತು. ಪೆಟ್ರೋಲ್ ಎಂಜಿನ್‌ನ ಗೇಜ್ ಇಲ್ಲಿ ನಡೆಯಲ್ಲ, ಡೀಸೆಲ್‌ನಲ್ಲಿ 400 ಪಿಎಸ್‌ಐ ಆಸುಪಾಸು ಬರುತ್ತೆ. ಇನ್ನು, ರಿಂಗ್ ಸವೆದಿದೆಯಾ ನೋಡೋಕೆ ಸಿಲಿಂಡರಿಗೆ ಆಯಿಲ್ ಸುರಿಯುವ ಪೆಟ್ರೋಲ್ ವಿದ್ಯೆಯನ್ನು ಇಲ್ಲಿಗೆ ತರಬೇಡಿ. 1489 ಸಿಸಿಯನ್ನು ನಾಲ್ಕರಿಂದ ಭಾಗಿಸಿ, 21ರಿಂದ ಮತ್ತೆ ಭಾಗಿಸಿ: ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 18 ಸಿಸಿಯೂ ಇಲ್ಲ, ಮೂರೂವರೆ ಟೀ ಚಮಚ. ಅದರಲ್ಲಿ ಎರಡು ಚಮಚ ಆಯಿಲ್ ತುಂಬಿದರೆ ಕಂಪ್ರೆಷನ್ ರೇಷಿಯೋ ಎಲ್ಲಿಗೆ ಹೋಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಕನೆಕ್ಟಿಂಗ್ ರಾಡ್ ಬಾಗಬಹುದು.

ಇನ್ನು ಸ್ಪೇರ್‌ನ ಕಥೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೌಂಟರ್ ಮುಂದೆ ನಿಂತು "ಅಂಬಾಸಿಡರ್ ಡೀಸೆಲ್‌ಗೆ ಆಯಿಲ್ ಸೀಲ್ ಇದೆಯಾ ಅಣ್ಣಾ?" ಅಂದರೆ ತಲೆ ಎತ್ತದೆ ಇಲ್ಲ ಅಂತಾರೆ. ಅದೇ ಹಳೇ ಸೀಲನ್ನು ಒರೆಸಿ ಕೌಂಟರ್ ಮೇಲಿಟ್ಟರೆ, ತಿರುಗಿಸಿ ನೋಡಿ, "ಎಷ್ಟು ಬೇಕು?" ಅಂತಾರೆ. ಸೀಲಿನ ಮೈಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಅಚ್ಚಾಗಿರುತ್ತೆ. ಆ ಮೂರು ಅಂಕಿಗೆ ಹೊಂದುವ ಸೀಲ್ ಟ್ರ್ಯಾಕ್ಟರಿಂದೋ ನೀರಿನ ಪಂಪಿಂದೋ ಆಗಿದ್ದರೂ ಶಾಫ್ಟ್‌ಗೆ ಅದು ಗೊತ್ತಾಗಲ್ಲ. ತುಟಿ ಯಾವ ಕಡೆ, ರಬ್ಬರ್ ಎಷ್ಟು ಬಿಸಿ ತಡೆಯುತ್ತೆ ಇಷ್ಟು ನೋಡಿಕೊಂಡರೆ ಸಾಕು.

ಬೇರಿಂಗ್ ಇನ್ನೂ ಸುಲಭ. ಮೇಲೆ 6204 ಅಂತಿದ್ದರೆ ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿ, ಒಳ ವ್ಯಾಸ 20 ಎಂಎಂ (04ರಿಂದ ಮೇಲೆ ಈ ಲೆಕ್ಕ; 03 ಅಂದರೆ 17). ಹೊರಗೆ 47, ದಪ್ಪ 14. ಯಾವ ದೇಶದ ಯಾವ ಕಂಪನಿ ಮಾಡಿದರೂ ಅಷ್ಟೇ. ಡಿಸೈನ್ ಡೇಟಾ ಹ್ಯಾಂಡ್‌ಬುಕ್‌ನಲ್ಲಿ ಪರೀಕ್ಷೆಗೆ ಅಂತ ಬಾಲ ಅಂಟಿಸಿಕೊಂಡ ಪುಟ ಇದೆಯಲ್ಲ, ಅದು ನಿಜಕ್ಕೂ ಅಂಗಡಿಯ ಭಾಷೆ ಅಂತ ನಮಗೆ ಗೊತ್ತಾಗಿದ್ದು ಅಲ್ಲೇ. ಆದರೆ ಅಂಬಾಸಿಡರ್ ಹುಟ್ಟಿನಿಂದ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್, ಮೂಲ ಅಳತೆಗಳು ಇಂಚಿನವು. ಅರ್ಧ ಇಂಚು ಅಂದರೆ 12.7 ಎಂಎಂ, 13ರ ಸ್ಪ್ಯಾನರ್ ಸಡಿಲವಾಗಿ ಕೂರುತ್ತೆ. ತುಕ್ಕು ಹಿಡಿದ ನಟ್ ಮೇಲೆ ಎರಡು ಸಲ ಜಾರಿದರೆ ಮೂಲೆಯೆಲ್ಲ ಉರುಟು, ಆಮೇಲೆ ಗ್ಯಾಸ್ ಕಟ್ಟರೇ ಗತಿ. ಇಂಚಿನ ಸ್ಪ್ಯಾನರ್ ಸೆಟ್ ಒಂದು ಮೊದಲ ದಿನವೇ ಹೊಂಚಿಕೊಳ್ಳಿ.

ಇದರ ಮುಂದಿನ ಹೆಜ್ಜೆ, ನಮಗೆ ತುಂಬ ಕುತೂಹಲ ಹುಟ್ಟಿಸಿದ್ದು: ಈ ಎಂಜಿನ್ ಬೇರೆ ಎಲ್ಲೆಲ್ಲಿ ಕೂತಿದೆ? ಬಿಎಂಸಿಯ ಇದೇ 1.5 ಡೀಸೆಲ್ ಬ್ರಿಟನ್ನಿನಲ್ಲಿ ದೋಣಿಗಳಿಗೂ ಹೋಯಿತು. ಅಲ್ಲಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅನ್ನೋ ಉದ್ದನೆಯ ಸಪೂರ ದೋಣಿಗಳಿವೆ, ಅವುಗಳ ಹೊಟ್ಟೆಯಲ್ಲಿ ಇವತ್ತಿಗೂ ಈ ಎಂಜಿನ್ ಗುಟುರು ಹಾಕ್ತಿದೆ. ಹಾಗಾಗಿ ಗ್ಯಾಸ್ಕೆಟ್ ಸೆಟ್, ಬೇರಿಂಗ್, ರಿಂಗ್ ಅಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಸಕಲೇಶಪುರದ ಕಾರಿಗೆ ಇಂಗ್ಲೆಂಡಿನ ದೋಣಿಯ ನೆಂಟಸ್ತಿಕೆ! ಅಲ್ಲಿಂದ ತರಿಸೋದು ದುಬಾರಿ, ಕೊನೆಯ ದಾರಿ ಅಂತಿಟ್ಟುಕೊಳ್ಳಿ. ತರಿಸುವ ಮೊದಲು ಹಳೇ ಪಾರ್ಟಿನ ಅಳತೆ ತಾಳೆ ನೋಡಲೇಬೇಕು.

ನಮ್ಮಲ್ಲೇ ಇಂಥ ನೆಂಟಸ್ತಿಕೆ ಬೇಕಾದಷ್ಟಿದೆ. ಪೆಜೋ 309 ಭಾರತದಲ್ಲಿ ಬಹಳ ದಿನ ಬಾಳಲಿಲ್ಲ, ಅದರ 1527 ಸಿಸಿ ಡೀಸೆಲ್ ಮಾತ್ರ ಮಾರುತಿಯ ಝೆನ್ ಮತ್ತು ಎಸ್ಟೀಮ್ ಡೀಸೆಲ್‌ಗಳಲ್ಲಿ ಬದುಕಿತು. ಫಿಯಟ್ ಲೀನಿಯಾದ 1.3 ಮಲ್ಟಿಜೆಟ್ ಅಂದರೆ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ತಾಗಳ ಅದೇ ಎಂಜಿನ್. ಲೋಗನ್, ವೆರಿಟೋದ 1.5 ಡೀಸೆಲ್ ಡಸ್ಟರ್‌ನಲ್ಲೂ ನಿಸಾನ್ ಸನ್ನಿಯಲ್ಲೂ ಇದೆ. ಪಕ್ಕದ ಸಾಮಾನು ಅಂದರೆ ಮೌಂಟಿಂಗ್, ಪೈಪ್, ಟರ್ಬೊ ಕಾರಿಂದ ಕಾರಿಗೆ ಬದಲಾಗಬಹುದು. ಎಂಜಿನ್ ಒಳಗಿನ ಸಾಮಾನು ಹುಡುಕುವಾಗ ಕಾರಿನ ಹೆಸರಿಗಿಂತ ಎಂಜಿನ್ ಕೋಡ್ ಹಿಡಿದು ಹೋಗೋದು ಲೇಸು.

ಸಿಗದೇ ಇರೋದನ್ನು ಮಾಡಿಸಬಹುದು, ಈ ವಿದ್ಯೆ ಮಾತ್ರ ನಮ್ಮ ಪೀಳಿಗೆಗೆ ಹೆಚ್ಚು ಗೊತ್ತಿಲ್ಲ. ಕ್ರ್ಯಾಂಕ್ ಸವೆದರೆ ಹತ್ತು, ಇಪ್ಪತ್ತು, ಮೂವತ್ತು ತೌ ಲೆಕ್ಕದಲ್ಲಿ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕ್ತಾರೆ. (ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ.) ಸಿಲಿಂಡರ್ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಕೂರಿಸ್ತಾರೆ, ಅದಕ್ಕೂ ಮೀರಿದ್ದರೆ ಸ್ಲೀವ್. ಬ್ರೇಕ್ ಶೂಗೆ ಹೊಸ ಲೈನಿಂಗ್ ಬಡಿದು ಕೊಡುವ ಪುಟ್ಟ ಅಂಗಡಿ ಹಾಸನದಂಥ ಊರಲ್ಲೂ ಇದೆ. ಹಿತ್ತಾಳೆ ರೇಡಿಯೇಟರನ್ನು ಬೆಸುಗೆ ಹಾಕಿ ಬದುಕಿಸಬಹುದು, ಪ್ಲಾಸ್ಟಿಕ್ ಟ್ಯಾಂಕಿನ ಈಗಿನ ರೇಡಿಯೇಟರಿಗೆ ಆ ಭಾಗ್ಯ ಇಲ್ಲ. ಹಿಂದಿನ ಲೀಫ್ ಸ್ಪ್ರಿಂಗ್ ಕುಸಿದಿದ್ದರೆ ಲಾರಿಗಳಿಗೆ ಪಟ್ಟಿ ಕಟ್ಟುವವರ ಹತ್ತಿರ ಹೋದರಾಯ್ತು.

ಇಂಜೆಕ್ಷನ್ ಪಂಪಿನ ವಿಷಯ ಮಾತ್ರ ಬೇರೆ. ಅದನ್ನು ಯಾವ ಕಾರಣಕ್ಕೂ ಮನೆಯಂಗಳದಲ್ಲಿ ಬಿಚ್ಚಬೇಡಿ. ಒಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಅಂತರ ಕೆಲವೇ ಮೈಕ್ರಾನ್. ಜೋಡಿಯಾಗಿಯೇ ಉಜ್ಜಿ ಮಾಡಿದ್ದು, ಒಂದರದ್ದು ಇನ್ನೊಂದಕ್ಕೆ ಆಗಲ್ಲ. ಅದಕ್ಕೆ ಎಣ್ಣೆ ಅಂದರೂ ಡೀಸೆಲ್ಲೇ, ಹಾಗಾಗಿ ನೀರು ಸೇರಿದ ಅಥವಾ ಸೀಮೆಎಣ್ಣೆ ಬೆರೆಸಿದ ಡೀಸೆಲ್ ಪಂಪಿಗೆ ವಿಷ. ಈ ವಿಷಯದಲ್ಲಿ ಕನ್ನಡನಾಡಿನವರು ಸ್ವಲ್ಪ ಪುಣ್ಯವಂತರು. 1951ರಲ್ಲಿ ಶುರುವಾದ ಮೈಕೋ, ಅಂದರೆ ಈಗಿನ ಬಾಷ್, ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಇಂಜೆಕ್ಷನ್ ಸಾಮಾನು ಮಾಡುತ್ತ ಬಂತು. ಪಂಪ್ ಕ್ಯಾಲಿಬ್ರೇಷನ್ ಅಂಗಡಿಗಳೂ ಕೈಪಳಗಿದವರೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಪಂಪ್ ಬಿಚ್ಚಿ ಒಯ್ಯುವ ಮುಂಚೆ ಅದರ ಮೈಗೆ ಅಂಟಿಸಿದ ತಗಡಿನ ನಂಬರ್ ಫೋಟೋ ತೆಗೀರಿ, ಟೈಮಿಂಗ್ ಗುರುತು ಹಾಕಿಕೊಳ್ಳಿ.

ಗುಜರಿ ಪಾರ್ಟಿಗೆ ನಾವು ಮಾಡಿಕೊಂಡ ನಿಯಮ ಸರಳ: ಲೋಹ ಮತ್ತು ಗಾಜು ಹಳೇದಾದರೂ ಸರಿ, ರಬ್ಬರ್ ಬೇಡ. ಬಾಗಿಲು, ಹಿಡಿಕೆ, ದೀಪ, ಗೇರ್‌ಬಾಕ್ಸ್ ಶಿವಾಜಿನಗರದಲ್ಲಿ ಹುಡುಕಬಹುದು. ಬ್ರೇಕ್ ಹೋಸ್, ವೀಲ್ ಸಿಲಿಂಡರ್ ಕಪ್, ಟೈ ರಾಡ್ ಎಂಡ್ ಹೊಸದೇ ಬೇಕು. ಪೆಟ್ಟಿಗೆ ಒಡೆಯದ "ಕಂಪನಿ ಒರಿಜಿನಲ್" ಬ್ರೇಕ್ ರಬ್ಬರ್ ಅಂತ ಯಾರಾದರೂ ಕೊಟ್ಟರೆ ಖುಷಿಪಡುವ ಮೊದಲು ನೆನಪಿರಲಿ, 2014ರಲ್ಲೇ ಕಾರ್ಖಾನೆ ನಿಂತಿದೆ. ಆ ರಬ್ಬರ್ ಪೆಟ್ಟಿಗೆಯೊಳಗೇ ಮುದಿಯಾಗಿರುತ್ತೆ. ಕೋಲ್ಕತ್ತದಲ್ಲಿ 15 ವರ್ಷ ಮೀರಿದ ಹಳದಿ ಟ್ಯಾಕ್ಸಿಗಳು ರಸ್ತೆಯಿಂದ ಇಳಿಯುತ್ತಿರುವುದರಿಂದ ಬಾಡಿ ಸಾಮಾನು ಅಲ್ಲಿನ ಮಲ್ಲಿಕ್ ಬಜಾರಿನಂಥ ಕಡೆ ಇನ್ನೂ ಇರುತ್ತೆ. ಅದೂ ಎಷ್ಟು ದಿನವೋ. ಹಳೇ ಕಾರು ಕೊನೆಗೆ ಸೋಲುವುದು ಇಂಥ ಸಾಮಾನಿಗೇ. ಗಾಜು, ಬೀಡಿಂಗ್, ಕಿಟಕಿ ಇಳಿಸುವ ಯಂತ್ರ, ಆ ಕಾರಿಗೇ ಮಾಡಿದ ಪ್ಲಾಸ್ಟಿಕ್. ಇವಕ್ಕೆ ಬೇರಿಂಗಿನ ಹಾಗೆ ನಂಬರಿಲ್ಲ, ನೆಂಟರಿಲ್ಲ. ಈಗಿನ ಕಾರುಗಳಲ್ಲಿ ಈ ಪಟ್ಟಿಗೆ ಇಸಿಯು ಕೂಡ ಸೇರುತ್ತೆ. ಮೂವತ್ತು ವರ್ಷದ ನಂತರ ಇವತ್ತಿನ ಕಾರನ್ನು ರಿಪೇರಿ ಮಾಡೋರಿಗೆ ನಮಗಿಂತ ಕಷ್ಟ ಜಾಸ್ತಿ ಅಂತ ನಮ್ಮ ಅಂದಾಜು.

ಹೊಗೆಯ ಮಾತು ಬಿಟ್ಟರೆ ಅನ್ಯಾಯ. ಇಂಥ ಎಂಜಿನ್ ಎಷ್ಟು ಚೆನ್ನಾಗಿ ಟ್ಯೂನ್ ಮಾಡಿದರೂ ಈಗಿನ ಡೀಸೆಲ್‌ಗಿಂತ ಹೆಚ್ಚು ಮಸಿ ಉಗುಳುತ್ತೆ. ದಿನಾ ಬೆಂಗಳೂರು ಟ್ರಾಫಿಕ್‌ನಲ್ಲಿ ಓಡಿಸಬೇಕಾದ ಕಾರಲ್ಲ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಿಸಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ 15 ವರ್ಷದ ನಂತರ ಐದೈದು ವರ್ಷಕ್ಕೆ ತಪಾಸಣೆ, ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಹೊಗೆ ಪರೀಕ್ಷೆಯಲ್ಲಿ ಹಳೇ ಡೀಸೆಲ್‌ಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್. ಏರ್ ಫಿಲ್ಟರ್ ತೊಳೆದು, ವಾಲ್ವ್ ಕ್ಲಿಯರೆನ್ಸ್ ಹೊಂದಿಸಿ, ನಾಲ್ಕೂ ನಾಝಲ್ ಪರೀಕ್ಷೆ ಮಾಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೋದರೆ ಇದರೊಳಗೆ ಬರೋದು ಸಾಧ್ಯ. ನೋವಾದ ನಾಝಲ್‌ಗಳಲ್ಲಿ ಒಂದು ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು, ಬದಲಿಸಿದ ಮೇಲೆ ಕಪ್ಪು ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೊಗೆ ಸರ್ಟಿಫಿಕೇಟ್ ಸಿಕ್ಕಿದೆ, ಆರ್‌ಟಿಒ ತಪಾಸಣೆ ಮುಂದಿನ ತಿಂಗಳು.

ಬಾಕಿ ಉಳಿದಿರೋದು ಒಂದೇ: ಬಲಗಡೆ ಹಿಂಬಾಗಿಲಿನ ಗಾಜು ಏರಿಸುವ ಯಂತ್ರ. ಹಲ್ಲು ಸವೆದು ಗಾಜು ಅರ್ಧಕ್ಕೇ ನಿಂತಿದೆ, ಸದ್ಯಕ್ಕೆ ಮರದ ಬೆಣೆ ಕೊಟ್ಟಿದ್ದೇವೆ. ನಿಮ್ಮ ಊರಲ್ಲಿ ಯಾರ ಹಿತ್ತಲಲ್ಲಾದರೂ ಕೋಳಿ ಕೂರುವ ಅಂಬಾಸಿಡರ್ ಒಂದಿದ್ದರೆ ಆ ಬಾಗಿಲಿನ ಒಳಗೆ ಸ್ವಲ್ಪ ಇಣುಕಿ ನೋಡಿ, ಮೆಕ್ಯಾನಿಕಲ್ ಬ್ಲಾಕ್ ಹತ್ತಿರ ಸಿಕ್ಕಾಗ ಹೇಳಿ.